ಐದು ಜನ ಊದುವವರು, ಒಬ್ಬ ಬರೆಯುವವನು

ಐದು ಜನ ಊದುವವರಿಗೆ ನಾಲ್ಕು ನಿಮಿಷದ ಒಂದು ಸಂಗೀತ ಬರೆದು ಒಪ್ಪಿಸಬೇಕು. ಗ್ರಾಂಟ್ ರೋಡಿನಲ್ಲಿ ಹುಟ್ಟಿ ಬೆಳೆದ ನಮ್ಮವರ ಹುಡುಗನೊಬ್ಬನಿಗೆ ಈ ವರ್ಷ ಅವನ ಸಂಗೀತ ಕಾಲೇಜು ಕೊಟ್ಟ ಕೆಲಸ ಇದು. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಒಂದು ಟ್ರೊಂಬೋನ್, ಒಂದು ಟ್ಯೂಬಾ. ತಬಲಾ ಇಲ್ಲ, ಪೆಟ್ಟಿಗೆ ಇಲ್ಲ, ಹಾಡುವವರಿಲ್ಲ. ಹುಡುಗನ ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ವಿಷಯ ಕೇಳಿದವರೇ, "ಮದುವೆ ಬ್ಯಾಂಡಿನವರಿಗೆ ಬರೆದುಕೊಡಲಿಕ್ಕೆ ಇಷ್ಟು ಫೀಸು ಕಟ್ಟಬೇಕಾ ಮಾರಾಯ?" ಅಂದರಂತೆ. ಹುಡುಗನಿಗೆ ಸಿಟ್ಟು ಬಂತು. ನನಗೇನೋ ಅಪ್ಪನ ಪ್ರಶ್ನೆ ಅಷ್ಟು ಕೆಟ್ಟದ್ದು ಅನಿಸಲಿಲ್ಲ. ಈ ಮಹಾನಗರದಲ್ಲಿ ಹಿತ್ತಾಳೆ ವಾದ್ಯ ಊದಿ ಹೊಟ್ಟೆ ಹೊರೆಯುವವರು ಯಾರು, ಅವರಿಗೆ ಬರೆಯುವುದೆಂದರೆ ಏನು ಎಂಬ ದೊಡ್ಡ ಮಾತು ಅದರೊಳಗೇ ಇದೆ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಹಿತ್ತಾಳೆಯಿಂದ ಮಾಡಿದ್ದೆಲ್ಲ ಹಿತ್ತಾಳೆ ವಾದ್ಯವಲ್ಲ. ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಮೈಯೆಲ್ಲ ಹಿತ್ತಾಳೆಯೇ. ಆದರೆ ಅದರ ಬಾಯಲ್ಲಿ ಒಂದು ಬೆತ್ತದ ಸೀಳಿದೆ. ದನಿ ಹುಟ್ಟುವುದು ಆ ಸೀಳು ಅದುರುವುದರಿಂದ. ಹಾಗಾಗಿ ಶಾಸ್ತ್ರದ ಪ್ರಕಾರ ಅದು ಕ್ಲಾರಿನೆಟ್, ನಾಗಸ್ವರಗಳ ಕಡೆಯ ನೆಂಟ. ಟ್ರಂಪೆಟ್, ಟ್ರೊಂಬೋನ್, ಟ್ಯೂಬಾಗಳಲ್ಲಿ ಸೀಳು ಇಲ್ಲ. ಊದುವವನ ತುಟಿಯೇ ಸೀಳು. ತುಟಿ ಬಿಗಿದು, ಬಟ್ಟಲಿನಂಥ ಬಾಯಿಗೆ ಒತ್ತಿ ಗಾಳಿ ಬಿಟ್ಟರೆ ತುಟಿ ಅದುರುತ್ತದೆ, ಕೊಳವೆ ಅದನ್ನು ಹಿಗ್ಗಿಸುತ್ತದೆ. ಈ ಲೆಕ್ಕದಲ್ಲಿ ದೇವರ ಕೋಣೆಯ ಶಂಖ, ಭೂತಕೋಲದ ಕೊಂಬು, ಕೊಡಗಿನ ವಾಲಗದ ಕೊಂಬು, ದೇವಸ್ಥಾನದ ಕಹಳೆ ಎಲ್ಲವೂ ಟ್ರಂಪೆಟ್ಟಿನ ಒಡಹುಟ್ಟುಗಳು. ಹುಡುಗನ ಅಮ್ಮನಿಗೆ ಇದನ್ನು ಹೇಳಿದಾಗ ಅವರ ಅರ್ಧ ಆತಂಕ ಇಳಿಯಿತು. ಶಂಖ ಊದಿ ಗೊತ್ತಿದ್ದವರು ಅವರು.

ಇನ್ನು ಬರೆಯುವ ಕಷ್ಟ. ಪೆಟ್ಟಿಗೆಯಲ್ಲಿ ಯಾವ ಮನೆ ಒತ್ತಿದರೂ ಸ್ವರ ಬರುತ್ತದೆ. ತುಟಿಯ ವಾದ್ಯದಲ್ಲಿ ಹಾಗಲ್ಲ. ಬೀಗಲ್ ನೋಡಿ, ಕೀಲಿ ಇಲ್ಲ, ರಂಧ್ರ ಇಲ್ಲ, ಬರೀ ಕೊಳವೆ. ತುಟಿ ಬಿಗಿಸುತ್ತ ಹೋದ ಹಾಗೆ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಮತ್ತೆ ಪಂಚಮ, ಆಮೇಲೆ ಕೋಮಲ ನಿಷಾದಕ್ಕಿಂತಲೂ ತುಸು ಕೆಳಗೆ ಜೋತುಬಿದ್ದ ಒಂದು ನಿಷಾದ, ಮತ್ತೆ ಷಡ್ಜ. ಅಷ್ಟೇ ಸಿಗುವುದು. ಶಾಲೆಯಲ್ಲಿ ಸ್ಕೌಟಿಗೆ ಹೋದವರಿಗೆ ಬೀಗಲ್ಲಿನ ಎಲ್ಲ ಕರೆಗಳೂ ಯಾಕೆ ಒಂದೇ ಥರ ಕೇಳುತ್ತವೆ ಎಂದು ಈಗ ಗೊತ್ತಾದೀತು. ರಿಷಭ ಬೇಕೆಂದರೆ ಕೊಳವೆಯ ಉದ್ದ ಬದಲಾಗಬೇಕು. ಟ್ರೊಂಬೋನಿನಲ್ಲಿ ನಳಿಗೆಯನ್ನು ಹಿಂದೆ ಮುಂದೆ ಎಳೆದು ಅದನ್ನು ಮಾಡುತ್ತಾರೆ. ಟ್ರಂಪೆಟ್ಟಿಗೆ 1810ರ ದಶಕದಲ್ಲಿ ಜರ್ಮನಿಯ ಇಬ್ಬರು, ಷ್ಟೋಲ್ಜೆಲ್ ಮತ್ತು ಬ್ಲೂಮೆಲ್, ಒತ್ತುಗುಂಡಿ ಕಂಡುಹಿಡಿದರು. ಒಂದನೇ ಗುಂಡಿ ಒತ್ತಿದರೆ ಪೂರ್ತಿ ಒಂದು ಸ್ವರ ಕೆಳಗೆ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಒಂದೂವರೆ. ಈ ಮೂರರ ಕೂಡುಕಳೆಯಲ್ಲೇ ಎಲ್ಲ ರಾಗಗಳೂ ಬರಬೇಕು.

ಯಕ್ಷಗಾನ ನೋಡುವವರಿಗೆ ಭಾಗವತರ ಶ್ರುತಿ ಲೆಕ್ಕ ಗೊತ್ತಿರುತ್ತದೆ. ಕಪ್ಪು ಎರಡು, ಬಿಳಿ ನಾಲ್ಕು ಎಂದೆಲ್ಲ. ಮುಂಬಯಿಯ ಹಿಂದುಸ್ತಾನಿಯವರು ಅದನ್ನೇ ಕಾಳಿ ದೋ, ಸಫೇದ್ ಚಾರ್ ಅನ್ನುತ್ತಾರೆ. ಸಾಮಾನ್ಯ ಟ್ರಂಪೆಟ್ಟಿನ ಹುಟ್ಟು ಷಡ್ಜ ಕಪ್ಪು ಐದು. ಟ್ರೊಂಬೋನಿನದೂ ಕಪ್ಪು ಐದು, ಒಂದು ಸ್ಥಾಯಿ ಕೆಳಗೆ. ಯಾಕೆಂದರೆ ಅದರ ಕೊಳವೆ ಟ್ರಂಪೆಟ್ಟಿನ ಎರಡರಷ್ಟು ಉದ್ದ, ಸುಮಾರು ಒಂಬತ್ತು ಅಡಿ. ಕಪ್ಪು ಐದರ ಟ್ಯೂಬಾ ಅದಕ್ಕೂ ಇಮ್ಮಡಿ, ಹದಿನೆಂಟು ಅಡಿ. ಎಲ್ಲ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ನಮ್ಮ ಖೋಲಿಯಲ್ಲಿ ಹಿಡಿಯಲಾರದು. ಮಧ್ಯದ ಹಾರ್ನ್ ಮಾತ್ರ ಬಿಳಿ ನಾಲ್ಕರದು. ಇದರಿಂದ ಹುಟ್ಟುವ ಪೇಚು ವಿಚಿತ್ರ. ಕಪ್ಪು ಐದನ್ನು ಷಡ್ಜವಾಗಿಟ್ಟು ಹುಡುಗ ರಾಗ ಬರೆದರೆ, ಅದೇ ಷಡ್ಜ ಟ್ರಂಪೆಟ್ಟಿನವನ ಕಾಗದದಲ್ಲಿ 'ಸಿ' ಎಂದೂ, ಹಾರ್ನಿನವನ ಕಾಗದದಲ್ಲಿ 'ಎಫ್' ಎಂದೂ, ಟ್ರೊಂಬೋನ್ ಮತ್ತು ಟ್ಯೂಬಾದವರ ಕಾಗದದಲ್ಲಿ 'ಬಿ ಫ್ಲಾಟ್' ಎಂದೂ ಇರಬೇಕು. ಒಂದೇ ದನಿಗೆ ಮೂರು ಹೆಸರು. ನಮ್ಮ ಸರಿಗಮದಲ್ಲಿ ಈ ತೊಂದರೆ ಇಲ್ಲ, ಷಡ್ಜ ಎಂದರೆ ಎಲ್ಲರಿಗೂ ಷಡ್ಜ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹುಡುಗ ಮೊದಲ ಕರಡನ್ನು ಬರೆದದ್ದು ಕಂಪ್ಯೂಟರಿನಲ್ಲಿ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ ಇದೆ. ಸ್ವರ ಹಾಕಿದರೆ ಅದೇ ನುಡಿಸಿಯೂ ತೋರಿಸುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಹೆಡ್‌ಫೋನಿನಲ್ಲಿ ನನಗೂ ಕೇಳಿಸಿದ. ಚೆನ್ನಾಗಿತ್ತು, ಸಿನಿಮಾದ ಹಾಗೆ ಭರ್ಜರಿ. ಟ್ರಂಪೆಟ್ ಎರಡು ನಿಮಿಷ ಬಿಡದೆ ತಾರಸ್ಥಾಯಿಯಲ್ಲೇ ಹಾರಾಡುತ್ತಿತ್ತು. ಕೆಳಗೆ ಟ್ಯೂಬಾ ತಂಬೂರಿಯ ಹಾಗೆ ನಾಲ್ಕು ನಿಮಿಷವೂ ಷಡ್ಜ ಹಿಡಿದಿತ್ತು.

ಅದನ್ನು ಚರ್ಚಿನಲ್ಲೂ ರಿಸೆಪ್ಶನ್ನುಗಳಲ್ಲೂ ನುಡಿಸುವ ಗೋವೆಯ ಹಿರಿಯ ಟ್ರಂಪೆಟ್ ವಾದಕರೊಬ್ಬರಿಗೆ ಕೊಂಡುಹೋಗಿ ತೋರಿಸಿದ. ಅವರು ಕನ್ನಡಕ ಹಾಕಿ ಕಾಗದವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಇದರಲ್ಲಿ ನಾನು ಎಲ್ಲಿ ಉಸಿರು ತೆಗೆದುಕೊಳ್ಳಲಿ ಬಾಬಾ?" ಅಂತ ಒಂದೇ ಪ್ರಶ್ನೆ ಕೇಳಿದರಂತೆ. ಕಂಪ್ಯೂಟರಿಗೆ ಶ್ವಾಸಕೋಶ ಇಲ್ಲ, ತುಟಿಯೂ ಇಲ್ಲ. ಮನುಷ್ಯನ ತುಟಿ ಮಾಂಸ. ತಾರದಲ್ಲಿ ಬಿಗಿದು ಹಿಡಿದರೆ ಸ್ವಲ್ಪ ಹೊತ್ತಿಗೆ ರಕ್ತ ಓಡಾಡದೆ ಮರಗಟ್ಟುತ್ತದೆ. ಆಮೇಲೆ ಸ್ವರ ಒಡೆಯುತ್ತದೆ, ಕೊನೆಗೆ ಬರುವುದೇ ಇಲ್ಲ. ಸಿತಾರದವನ ಬೆರಳು ನೋಯುತ್ತಲೂ ನುಡಿದೀತು, ಟ್ರಂಪೆಟ್ಟಿನವನ ತುಟಿ ಸೋತರೆ ಸೋತಿತು. ಟ್ಯೂಬಾದವನ ಕಷ್ಟ ಇನ್ನೊಂದು ಬಗೆಯದು. ತುಟಿಗೆ ಅಷ್ಟು ಒತ್ತಡ ಇಲ್ಲ, ಆದರೆ ಆ ಹದಿನೆಂಟು ಅಡಿ ಹೊಟ್ಟೆಗೆ ಗಾಳಿ ಸಾಲದು. ಜೋರಾಗಿ ಊದಿದರೆ ಕೆಲವೇ ಸೆಕೆಂಡಿಗೆ ಎದೆ ಖಾಲಿ.

ಹಾಗಾದರೆ ಶ್ರುತಿ ಹಿಡಿಯುವುದು ಹೇಗೆ? ನಮ್ಮ ನಾಗಸ್ವರದ ಮೇಳದಲ್ಲಿ ಒತ್ತು ಊದುವವನು ಕೆನ್ನೆ ಉಬ್ಬಿಸಿ, ಮೂಗಿನಿಂದ ಉಸಿರೆಳೆದು ಗಂಟೆಗಟ್ಟಲೆ ಬಿಡದೆ ಹಿಡಿಯುತ್ತಾನೆ. ಟ್ಯೂಬಾದ ಮಟ್ಟಿಗೆ ಅದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ದಾರಿ ಇದು: ಇಬ್ಬರಿಗೆ ಪಾಳಿ ಹಾಕುವುದು. ಟ್ಯೂಬಾ ಎರಡು ಆವರ್ತ ಹಿಡಿದು ಬಿಡುವ ಮೊದಲೇ ಟ್ರೊಂಬೋನ್ ಮೆಲ್ಲಗೆ ಅದೇ ಷಡ್ಜಕ್ಕೆ ಸೇರಿಕೊಳ್ಳಬೇಕು. ಇವನು ಉಸಿರೆಳೆದುಕೊಂಡ ಮೇಲೆ ಅವನು ಜಾರಿಕೊಳ್ಳಬೇಕು. ಕೇಳುವವನಿಗೆ ಶ್ರುತಿ ನಿಂತದ್ದು ಗೊತ್ತಾಗಬಾರದು. ನಮ್ಮ ಹೋಟೆಲುಗಳಲ್ಲಿ ಗಲ್ಲಾ ಖಾಲಿ ಬಿಡದೆ ಪಾಳಿ ಬದಲಾಯಿಸುವ ಹಾಗೆಯೇ ಅಂದೆ. ಹುಡುಗ ನಗಲಿಲ್ಲ, ಬರೆದುಕೊಂಡ.

ಎರಡನೇ ಕರಡಿನಲ್ಲಿ ಟ್ರಂಪೆಟ್ಟುಗಳ ನಡುವೆಯೂ ಪಾಳಿ ಬಂತು. ಒಬ್ಬ ಕೇಳಿ ಒಬ್ಬ ಹೇಳುವ ಹಾಗೆ. ಇದು ಹೊಸ ಉಪಾಯವೇನಲ್ಲ. ವೆನಿಸ್ಸಿನ ಸಂತ ಮಾರ್ಕ್ ಇಗರ್ಜಿಯಲ್ಲಿ ಗಾಬ್ರಿಯೆಲಿ ಎಂಬಾತ 1597ರಲ್ಲಿ ಅಚ್ಚು ಹಾಕಿಸಿದ ಸಂಗೀತದಲ್ಲಿ ಊದುವವರನ್ನು ಎರಡು ಗುಂಪು ಮಾಡಿ, ಎದುರುಬದುರಾಗಿ ಮಾತಾಡಿಸಿದ. ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂದು ಕಾಗದದಲ್ಲೇ ಬರೆದಿಟ್ಟ ತೀರ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಬರಿಯ ಹಿತ್ತಾಳೆಯ ಐವರಿಗೆ ಬರೆದವರಲ್ಲಿ ಇನ್ನೊಬ್ಬ ದೊಡ್ಡ ಹೆಸರು ರಷ್ಯದ ವಿಕ್ಟರ್ ಎವಾಲ್ಡ್, 1860ರಲ್ಲಿ ಹುಟ್ಟಿದವನು. ಈ ಮನುಷ್ಯನ ಹೊಟ್ಟೆಪಾಡು ಸಿವಿಲ್ ಇಂಜಿನಿಯರಿಂಗ್, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದನ್ನೇ ಕಲಿಸುವ ಪ್ರೊಫೆಸರ್. ಹುಡುಗನ ಅಪ್ಪನಿಗೆ ಈ ಸಂಗತಿಯನ್ನು ನಾನೇ ಮುತುವರ್ಜಿಯಿಂದ ಮುಟ್ಟಿಸಿದೆ. "ಮತ್ತೆ ಇವನಿಗೂ ಅದನ್ನೇ ಹೇಳಿದ್ದಲ್ಲವಾ ನಾನು, ಮೊದಲು ಇಂಜಿನಿಯರಿಂಗ್ ಮುಗಿಸು ಅಂತ" ಅಂದುಬಿಟ್ಟರು. ಸುಮ್ಮನಾದೆ.

ರಾಗ ಯಾವುದು? ಹುಡುಗ ಆರಿಸಿದ್ದು ಹಂಸಧ್ವನಿ. ಸ ರಿ ಗ ಪ ನಿ, ಐದೇ ಸ್ವರ, ಐದೇ ಜನ. ಅಷ್ಟು ಸರಳ ಕಾರಣವಲ್ಲ ಎಂದು ಆಮೇಲೆ ಬಿಡಿಸಿ ಹೇಳಿದ. ಪಾಶ್ಚಾತ್ಯ ಪದ್ಧತಿಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನಿಲ್ಲಿಸುತ್ತಾರೆ, ಕಾರ್ಡ್ ಎನ್ನುತ್ತಾರೆ. ಹಂಸಧ್ವನಿಯಲ್ಲಿ ಸ-ಗ-ಪ ಸೇರುತ್ತದೆ, ಪ-ನಿ-ರಿ ಸೇರುತ್ತದೆ, ಗ-ಪ-ನಿ ಕೂಡ ಸೇರುತ್ತದೆ. ಮೂರೂ ಸುಭದ್ರ, ಒಂದೂ ರಾಗದ ಹೊರಗೆ ಕಾಲಿಡುವುದಿಲ್ಲ. ಆದರೆ ಅಲ್ಲಿಯ ಅಭ್ಯಾಸಬಲ ಇನ್ನೊಂದು ಕಾರ್ಡನ್ನು ಬೇಡುತ್ತದೆ, ಮ-ಧ-ಸ. ಚರ್ಚಿನಲ್ಲಿ ಹಾಡಿನ ಕೊನೆಗೆ ಬರುವ 'ಆಮೆನ್' ಕೇಳಿದ್ದೀರಲ್ಲ, ಆ ತಣ್ಣಗಿನ ನಿಲುಗಡೆ ಬರುವುದು ಅದರಿಂದಲೇ. ಹಂಸಧ್ವನಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಹಾಕಿದರೆ ಅದು ಶಂಕರಾಭರಣ ಆಗಿಬಿಡುತ್ತದೆ. ಹಾಕದಿದ್ದರೆ ಪಾಠ ಹೇಳುವವರು ಹಾರ್ಮನಿ ಬಡವಾಯಿತು ಅನ್ನುತ್ತಾರೆ. ಈ ಒಂದು ಕಾರ್ಡಿನ ಮೇಲೆ ಹುಡುಗನಿಗೂ ಅವನ ಅಧ್ಯಾಪಕರಿಗೂ ಮೂರು ವಾರ ವಾದ ನಡೆಯಿತಂತೆ. ನನ್ನ ಮತ ಹುಡುಗನ ಕಡೆಗೆ. ಐದು ಸ್ವರದ ಮನೆಯಲ್ಲಿ ಬಾಡಿಗೆಗೆ ಇನ್ನಿಬ್ಬರನ್ನು ತಂದು ಕೂರಿಸಿದರೆ ಮನೆಯವರು ಎಲ್ಲಿ ಹೋಗಬೇಕು?

ಈ ಜಗಳವೂ ಹಳೆಯದೇ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯ ಇಂಗ್ಲಿಷ್ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿ, ನೊಟ್ಟುಸ್ವರಗಳೆಂದು ಹೆಸರಾದ ಪುಟ್ಟ ರಚನೆಗಳನ್ನು ಮಾಡಿದರು. ಅವುಗಳಲ್ಲಿ ಒಂದು ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯೇ. ಎಲ್ಲ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ ನೇರ. ಅದೇ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಹಂಸಧ್ವನಿಯನ್ನು ಹುಟ್ಟಿಸಿದವರು. ಅಪ್ಪ ಕಟ್ಟಿದ ರಾಗ, ಮಗ ಕೇಳಿದ ಬ್ಯಾಂಡು, ಎರಡನ್ನೂ ಗ್ರಾಂಟ್ ರೋಡಿನ ಹುಡುಗ ಗೊತ್ತಿಲ್ಲದೆಯೇ ಕೂಡಿಸಿದ್ದ. ನಾನು ಹೇಳಿದ ಮೇಲೆ ಅದನ್ನು ತನ್ನ ಟಿಪ್ಪಣಿಯಲ್ಲಿ ಸೇರಿಸಿಕೊಂಡ. ಒಳ್ಳೆಯದೇ ಆಯಿತು, ಅಂಕ ಸಿಗುತ್ತದೆ.

ಗಮಕದ ಮಾತು ಬಂತು. ಗುಂಡಿಯ ವಾದ್ಯದಲ್ಲಿ ಮೀಂಡ್ ತೆಗೆಯುವುದು ಕಷ್ಟ. ಗುಂಡಿಯನ್ನು ಅರ್ಧ ಒತ್ತಿ, ತುಟಿ ಸಡಿಲಿಸಿ ಬಲ್ಲವರು ಅಷ್ಟಿಷ್ಟು ತೆಗೆಯುತ್ತಾರೆ. ಟ್ರೊಂಬೋನ್ ಮಾತ್ರ ಹುಟ್ಟಿದ್ದೇ ಜಾರಲಿಕ್ಕೆ. ಆದರೂ ಅದಕ್ಕೊಂದು ಗಡಿ ಇದೆ. ಷಡ್ಜದಿಂದ ಕೆಳಗಿನ ಪಂಚಮದವರೆಗೆ ಒಂದೇ ಎಳೆತದಲ್ಲಿ ಜಾರಬಹುದು. ಇನ್ನೂ ಅರ್ಧ ಸ್ವರ ಹೋದರೆ ಕೈ ಚಾಚಿದಷ್ಟೂ ಮುಗಿಯಿತು, ನಳಿಗೆ ಅಷ್ಟೇ ಉದ್ದ. ಹುಡುಗ ಮೊದಲು ಬರೆದ ಒಂದು ಜಾರು ಪೂರ್ತಿ ಒಂದು ಸ್ಥಾಯಿಯದ್ದು. ಕಂಪ್ಯೂಟರ್ ಅದನ್ನೂ ಒಪ್ಪಿಕೊಂಡಿತ್ತು!

ಈಗ ಜಾಗದ ವಿಷಯ. ಈ ಪಾಠಕ್ಕೆ ಗ್ರಾಂಟ್ ರೋಡು ತಕ್ಕ ಊರೇ. ಬ್ರಿಟಿಷ್ ಗವರ್ನರ್ ರಾಬರ್ಟ್ ಗ್ರಾಂಟನ ಹೆಸರಿನ ಈ ರಸ್ತೆಯಲ್ಲಿ 1846ರಲ್ಲೇ ಜಗನ್ನಾಥ ಶಂಕರಶೇಟರು ನಿಂತು ಕಟ್ಟಿಸಿದ ರಂಗಮಂದಿರವಿತ್ತು. ಸ್ಟೇಷನ್ನಿನಿಂದ ನಡೆದರೆ ಐದನೇ ಜಾರ್ಜ್ 1911ರಲ್ಲಿ ಉದ್ಘಾಟಿಸಿದ ರಾಯಲ್ ಆಪೆರಾ ಹೌಸ್. ವರ್ಷಗಟ್ಟಲೆ ಬಾಗಿಲು ಹಾಕಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಕೆನೆಡಿ ಬ್ರಿಜ್ ಪಕ್ಕದ ಕಾಂಗ್ರೆಸ್ ಹೌಸಿನ ಕೋಣೆಗಳಿಂದ ಒಂದು ಕಾಲದಲ್ಲಿ ಠುಮ್ರಿ, ಸಾರಂಗಿ ಕೇಳುತ್ತಿತ್ತು. ಆಪೆರಾ ಹೌಸಿನ ಹತ್ತಿರವೇ ಬಿ. ಆರ್. ದೇವಧರರ ಸಂಗೀತ ಶಾಲೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಕನ್ನಡದ ಬಾಲಕ 1930ರ ದಶಕದಲ್ಲಿ ಬಂದು ಕಲಿತದ್ದು ಅಲ್ಲೇ. ಕುಮಾರ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ದೇವಧರರ ವಿಶೇಷವೆಂದರೆ ಅವರು ಪಾಶ್ಚಾತ್ಯ ಸಂಗೀತವನ್ನೂ ಗುರುಮುಖೇನ ಕಲಿತಿದ್ದರು. ಎರಡೂ ಕಿವಿ ತೆರೆದಿಟ್ಟ ಗುರುಗಳು ಈ ಬೀದಿಗಳಲ್ಲಿ ಹೊಸಬರಲ್ಲ.

ಹಿತ್ತಾಳೆಯ ಕತೆ ಮಾತ್ರ ಇನ್ನೂ ಎರಡು ಸ್ಟೇಷನ್ ಆಚೆ, ಮರೀನ್ ಲೈನ್ಸಿನಲ್ಲಿ ಇಳಿದು ಧೋಬಿ ತಲಾವಿಗೆ ಹೋದರೆ ಸಿಗುತ್ತದೆ. ಗೋವೆಯಿಂದ ಬಂದವರ ಕೂಡುಮನೆಗಳು ಅಲ್ಲಿದ್ದವು. ಗೋವೆಯ ಚರ್ಚ್ ಶಾಲೆಗಳಲ್ಲಿ ಸ್ವರ ಓದುವುದನ್ನು ಅಕ್ಷರ ಓದುವಷ್ಟೇ ಕಡ್ಡಾಯವಾಗಿ ಕಲಿಸುತ್ತಿದ್ದ ಕಾರಣ, ಮುಂಬಯಿಯ ಸಿನಿಮಾಕ್ಕೆ ಕಾಗದ ನೋಡಿ ನುಡಿಸುವವರು ಬೇಕಾದಾಗ ಇವರೇ ಸಿಕ್ಕಿದರು. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದು ಕರೆಸಿಕೊಂಡ ಚಿಕ್ ಚಾಕೊಲೆಟ್ ಎಂಬ ಟ್ರಂಪೆಟ್ ವಾದಕ, ಸಿ. ರಾಮಚಂದ್ರರ ಹಾಡುಗಳ ಬೆನ್ನಿಗಿದ್ದವರು. ಆಂಥೋನಿ ಗೊನ್ಸಾಲ್ವೆಸ್ ಪಿಟೀಲಿನವರು, ಆದರೆ ಈ ಹುಡುಗನ ಕತೆಗೆ ಅವರೇ ಹೆಚ್ಚು ಹತ್ತಿರ. ಹಿಂದುಸ್ತಾನಿ ರಾಗವನ್ನು ಪಾಶ್ಚಾತ್ಯ ವಾದ್ಯಮೇಳಕ್ಕೆ ಬರೆಯುವ ಹುಚ್ಚು ಹಿಡಿದು, 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ತಮ್ಮ ರಚನೆಗಳನ್ನು ನುಡಿಸಿದರು. ಲತಾ ಮತ್ತು ಮನ್ನಾ ಡೇ ಹಾಡಿದರು. 1977ರ 'ಅಮರ್ ಅಕ್ಬರ್ ಆಂಥೋನಿ'ಯಲ್ಲಿ ಅಮಿತಾಭ್ ದೊಡ್ಡ ಮೊಟ್ಟೆಯಿಂದ ಹೊರಬಂದು ಕೂಗುವ ಹೆಸರು ಇವರದೇ. ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ಕಾಣಿಕೆ. ಆ ಪ್ಯಾರೇಲಾಲರ ತಂದೆ ರಾಮಪ್ರಸಾದ್ ಶರ್ಮಾ ಟ್ರಂಪೆಟ್ ವಾದಕರು, ಎಷ್ಟೋ ಮಂದಿಗೆ ಸ್ವರಲಿಪಿ ಕಲಿಸಿ ಸ್ಟುಡಿಯೋ ಸೇರಿಸಿದವರು.

ಆಮೇಲೆ ಕೀಬೋರ್ಡು ಬಂತು, ಕಂಪ್ಯೂಟರು ಬಂತು. ನೂರು ಜನ ಕೂತು ನುಡಿಸುತ್ತಿದ್ದ ಜಾಗದಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಇಬ್ಬರು ಸಾಕಾದರು. ಹಿತ್ತಾಳೆಯ ದನಿ ಪೆಟ್ಟಿಗೆಯೊಳಗೆ ಸಿಗುತ್ತದೆಂದಾದ ಮೇಲೆ ತುಟಿ ಯಾರಿಗೆ ಬೇಕು? ಎನ್‌ಸಿಪಿಎಯ ಸಿಂಫನಿ ಆರ್ಕೆಸ್ಟ್ರಾ ಇದೆ, 2006ರಿಂದ ನಡೆಯುತ್ತಿದೆ, ಆದರೆ ಅದರ ಕಛೇರಿಗಳಿಗೆ ವಾದಕರು ಬಹಳ ಮಟ್ಟಿಗೆ ಹೊರದೇಶದಿಂದ ಬರುತ್ತಾರೆ. ಪೊಲೀಸ್ ಬ್ಯಾಂಡು ಇದೆ, ಖಾಕಿ ಸ್ಟುಡಿಯೋ ಎಂಬ ಹೆಸರಿನಲ್ಲಿ ಅವರು ಹಾಕಿದ ವಿಡಿಯೋಗಳನ್ನು 2022ರಲ್ಲಿ ಜನ ಫೋನಿನಿಂದ ಫೋನಿಗೆ ಕಳಿಸಿದ್ದೇ ಕಳಿಸಿದ್ದು. ಉಳಿದವರು ಮದುವೆ ಬ್ಯಾಂಡಿನವರು, ಗಣಪತಿ ವಿಸರ್ಜನೆಯ ಬೆಂಜೋ ಪಾರ್ಟಿಯವರು. ಅನಂತ ಚತುರ್ದಶಿಯ ದಿನ ಆಪೆರಾ ಹೌಸ್ ದಾಟಿ ಗಿರ್‌ಗಾಂವ್ ಚೌಪಾಟಿಗೆ ಇಳಿಯುವ ಮೆರವಣಿಗೆಯಲ್ಲಿ ಡಿಜೆಯ ಗೋಡೆಗಳ ನಡುವೆ ಕಿವಿ ಕೊಟ್ಟರೆ ಇವರ ಟ್ರಂಪೆಟ್ ಇನ್ನೂ ಕೇಳುತ್ತದೆ. ಗಂಟೆಗಟ್ಟಲೆ ನಡೆಯುತ್ತ, ಧೂಳಿನಲ್ಲಿ ಊದುತ್ತಾರೆ. ವಾದ್ಯ ಮೀರತ್ತಿನ ಜಾಲಿ ಕೋಠಿಯಲ್ಲಿ ತಯಾರಾದದ್ದು, ಎಷ್ಟೋ ಸಲ ತಗ್ಗು ತಟ್ಟಿ ಸರಿಮಾಡಿದ್ದು. ಕಾಗದ ಓದುವವರು ಅವರಲ್ಲಿ ಕಡಿಮೆ. ಒಮ್ಮೆ ಕೇಳಿದ ಹಾಡನ್ನು ಹಾಗೇ ಎತ್ತಿಕೊಳ್ಳುವ ಕಿವಿ ಮಾತ್ರ ಅವರದು.

ಹುಡುಗನ ನಿಜವಾದ ಕಷ್ಟ ಇಲ್ಲಿ ಶುರುವಾಯಿತು. ಕಾಲೇಜಿಗೆ ಕಂಪ್ಯೂಟರ್ ನುಡಿಸಿದ ಧ್ವನಿಮುದ್ರಣ ಒಪ್ಪಿಸಿದರೂ ಸಾಕು. ಅವನಿಗೆ ಅದು ಸಾಕಾಗಲಿಲ್ಲ. ಜೀವಂತ ಐದು ಜನ ಊದಬೇಕು. ಹುಡುಕಿದರೆ ಫ್ರೆಂಚ್ ಹಾರ್ನಿನವರು ಸಿಗಲಿಲ್ಲ. ಸಿಕ್ಕವರೊಬ್ಬರು ಒಂದು ದಿನಕ್ಕೆ ಕೇಳಿದ ಹಣ ಅವನಪ್ಪನ ಅರ್ಧ ತಿಂಗಳ ಸಂಬಳ. ಟ್ಯೂಬಾ ಕೂಡ ಹಾಗೆಯೇ. ಕೊನೆಗೆ ಗೋವೆಯ ಹಿರಿಯರೇ ಅಂದರು, "ನಿನ್ನ ಬೀದಿಯಲ್ಲಿ ಇರುವವರಿಗೆ ಬರಿ." ಅವರೇ ಕರೆದುಕೊಂಡು ಹೋಗಿ ಒಂದು ಮದುವೆ ಬ್ಯಾಂಡಿನ ಮಾಸ್ಟರರ ಪರಿಚಯ ಮಾಡಿಸಿದರು. ಹಾರ್ನಿನ ಜಾಗಕ್ಕೆ ಯುಫೋನಿಯಂ ಬಂತು. ಬ್ಯಾಂಡಿನಲ್ಲಿ ಅದು ಇದ್ದೇ ಇರುತ್ತದೆ, ದನಿ ದುಂಡಗೆ, ತುಂಬು ಕಂಠದ ಗಂಡಸು ಹಾಡಿದ ಹಾಗೆ. ಟ್ಯೂಬಾದ ಜಾಗಕ್ಕೆ ಹೆಗಲಿಗೆ ಸುತ್ತಿಕೊಳ್ಳುವ ದೊಡ್ಡ ಬಾಯಿಯ ಸೂಸಾಫೋನ್.

ಕಾಗದದ ಪ್ರಶ್ನೆ ಹಾಗೇ ಉಳಿಯಿತು. ಮಾಸ್ಟರರು ಓದಬಲ್ಲರು, ಉಳಿದ ಮೂವರಿಗೆ ಬಾರದು. ಹುಡುಗ ಸಿಸ್ತಾಗಿ ಮುದ್ರಿಸಿ ತಂದಿದ್ದ ಮೂರು ಬಗೆಯ ಹಾಳೆಗಳನ್ನು ಮಾಸ್ಟರರು ಮಡಚಿ ಪಕ್ಕಕ್ಕಿಟ್ಟು, "ಸರಗಮ್ ಹೇಳು" ಅಂದರು. ಹುಡುಗ ಹಾಡಿದ. ಅವನು ಪುಟ್ಟವನಿದ್ದಾಗ ಅಮ್ಮ ಕಟ್ಟಾಯದಿಂದ ಕಳಿಸಿದ ಕರ್ನಾಟಕ ಸಂಗೀತದ ಪಾಠ ಈಗ ಬೆಲೆಗೆ ಬಂತು. ಒಬ್ಬೊಬ್ಬರಿಗೂ ಅವರವರ ಸಾಲನ್ನು ಹಾಡಿ ತೋರಿಸಿದ. ಸ ಎಂದರೆ ಐವರಿಗೂ ಸ. ಒಂದು ದನಿಗೆ ಮೂರು ಹೆಸರಿನ ಗೋಜಲು ಅಲ್ಲಿಗೆ ಮಾಯ. ಹಿಂದಿಯ ಅಕ್ಷರದಲ್ಲಿ ಸರಗಮ್ ಬರೆದು, ಉಸಿರಿನ ಜಾಗಕ್ಕೆ ಗೆರೆ ಹಾಕಿ ಕೊಟ್ಟ. ನಾಲ್ಕು ನಿಮಿಷದ ಮೊದಲ ಒಂದು ನಿಮಿಷ ಒಂದೂವರೆ ಗಂಟೆಯಲ್ಲಿ ನಿಂತಿತು. ಯುಫೋನಿಯಂ ಊದುವಾತ ಎರಡು ಕಡೆ ತಾನಾಗಿಯೇ ಒಂದು ಸಣ್ಣ ಕೊಂಕು ಸೇರಿಸಿದನಂತೆ, ಗ-ಪ ನಡುವೆ. ಬರೆದದ್ದಕ್ಕಿಂತ ಚೆನ್ನಾಗಿತ್ತು. ಅದನ್ನು ಕಾಲೇಜಿನ ಪ್ರತಿಯಲ್ಲೂ ಬರೆದು ಸೇರಿಸಬೇಕೇ, ಸೇರಿಸಿದರೆ ಯಾರ ಹೆಸರಿನಲ್ಲಿ ಎಂದು ಹುಡುಗ ನನ್ನನ್ನು ಕೇಳಿದ. "ಸೇರಿಸು, ಕೆಳಗೆ ಅವರ ಹೆಸರು ಹಾಕು" ಅಂದೆ. ಸಿನಿಮಾದ ಸ್ಟುಡಿಯೋಗಳಲ್ಲಿ ಇಂಥ ಎಷ್ಟು ಕೊಂಕುಗಳು ಹೆಸರಿಲ್ಲದೆ ಹೋದವೋ.

ನಮ್ಮ ಕನ್ನಡ ಸಂಘಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಿತ್ತಾಳೆ ನಮಗೆ ಪರಕೀಯವೇನಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡಿದ್ದವು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನ ಗೀತೆಯನ್ನು ನುಡಿಸುತ್ತಿದ್ದದ್ದು ಬ್ಯಾಂಡೇ. ದಸರಾದಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ತ್ಯಾಗರಾಜರ ಕೃತಿಯನ್ನೂ ನುಡಿಸುತ್ತದೆ, ಇಂಗ್ಲಿಷ್ ಮಾರ್ಚನ್ನೂ ನುಡಿಸುತ್ತದೆ. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ಅವರಿಗೇ ರಷ್ಯದ ಮೆಟ್ನರ್ ತನ್ನ ಮೂರನೇ ಪಿಯಾನೋ ಕಂಚೆರ್ಟೋವನ್ನು ಅರ್ಪಿಸಿದ. ಸಜೀಪಮೂಡದ ನಾಗಸ್ವರದವರ ಮಗ ಗೋಪಾಲನಾಥರಿಗೆ ಸ್ಯಾಕ್ಸೊಫೋನಿನ ಹುಚ್ಚು ಹಿಡಿಸಿದ್ದು ಆ ಅರಮನೆ ಬ್ಯಾಂಡೇ. 1980ರಲ್ಲಿ ಇದೇ ಮುಂಬಯಿಯ ಧೋಬಿ ತಲಾವಿನ ರಂಗಭವನದಲ್ಲಿ ಜಾಝ್ ಉತ್ಸವ ನಡೆದಾಗ, ಅವರು ನುಡಿಸುವುದನ್ನು ಕೇಳಿ ಅಮೆರಿಕದ ಜಾನ್ ಹ್ಯಾಂಡಿ ವೇದಿಕೆ ಹತ್ತಿ ಜೊತೆಗೂಡಿದ. ಅವನಿಗೆ ನಮ್ಮ ಸಂಗೀತ ಬಾರದು, ಇವರಿಗೆ ಅವನದು ಬಾರದು. ಕೇಳಿದ ಜನ ಹುಚ್ಚಾದರು. ಇಷ್ಟೆಲ್ಲ ಇರುವ ನಾವು ರಾಜ್ಯೋತ್ಸವಕ್ಕೆ ನಾಡಗೀತೆಯನ್ನು ಪೆನ್‌ಡ್ರೈವಿನಿಂದ ಹಾಕುತ್ತೇವೆ. ಕರಾವೋಕೆ ಟ್ರ್ಯಾಕಿಗೂ ಸೌಂಡಿನವನಿಗೂ ಕೊಡುವ ಹಣದಲ್ಲಿ ಐದು ಜನ ಊದುವವರನ್ನು ಕರೆಸಬಹುದು. ಅವರಿಗೆ ಮೈಕೂ ಬೇಡ. ಬರೆದುಕೊಡುವವನೊಬ್ಬ ಈಗ ತಯಾರಾಗುತ್ತಿದ್ದಾನೆ.

ಸದ್ಯ ಹುಡುಗನ ಬಳಿ ಎರಡು ಪ್ರತಿಗಳಿವೆ. ಒಂದು ಕಾಲೇಜಿಗೆ, ನಿಯಮದ ಪ್ರಕಾರ ಹಾರ್ನ್, ಟ್ಯೂಬಾ ಎಲ್ಲ ಇರುವುದು. ಇನ್ನೊಂದು ಸರಗಮ್ಮಿನದು. ಅದೇ ಹಂಸಧ್ವನಿ, ಅದೇ ಪಾಳಿಯ ಷಡ್ಜ, ಮ-ಧ-ಸ ಎರಡರಲ್ಲೂ ಇಲ್ಲ. ತುಳಸಿ ಮದುವೆ ಮುಗಿದರೆ ಲಗ್ನಗಳು ಶುರು, ಆಮೇಲೆ ಮಾಸ್ಟರರ ಜನ ಕೈಗೆ ಸಿಗುವುದಿಲ್ಲ. ಅಷ್ಟರೊಳಗೆ ಉಳಿದ ಮೂರು ನಿಮಿಷ ನಿಲ್ಲಬೇಕು. ಊದಲು ಜಾಗ ಎಲ್ಲಿ ಎಂಬುದೇ ದೊಡ್ಡ ತಲೆನೋವಾಗಿತ್ತು. ಚಾಳಿನಲ್ಲಿ ಟ್ರಂಪೆಟ್ ಊದಿದರೆ ನಾಲ್ಕು ಮಹಡಿಯವರೂ ಬರುತ್ತಾರೆ. ಹೋಟೆಲಿನ ಮಾಳಿಗೆಯ ಹಾಲ್ ಮಧ್ಯಾಹ್ನ ಊಟದವರು ಎದ್ದ ಮೇಲೆ ಸಂಜೆಯ ತಿಂಡಿಯವರು ಬರುವ ತನಕ ಖಾಲಿ ಇರುತ್ತದೆ. ಮಾಲೀಕರನ್ನು ಕೇಳಿ ಅದನ್ನು ಕೊಡಿಸಿದವರು ಹುಡುಗನ ಅಪ್ಪ. ಯುಫೋನಿಯಂನವರಿಗೆ ಸಕ್ಕರೆ ಇಲ್ಲದ ಚಹಾ ಎಂದು ಕಿಚನ್ನಿಗೆ ಹೇಳಿಯೂ ಇಟ್ಟಿದ್ದಾರೆ.